ಸೋಯಾ ಬುಡ ಕೊಳೆತರೆ

ಪ್ರಶ್ನೆ: 25 ದಿನದ ಸೋಯಾಬೀನ್ ಗಿಡಗಳು ಅಲ್ಲಲ್ಲಿ ಗುಂಪಾಗಿ ಹಳದಿಯಾಗಿ ಬಾಡುತ್ತಿವೆ. ಕಿತ್ತರೆ ಬುಡದಲ್ಲಿ ಬಿಳಿ ಬೂಸ್ಟು. ಯೂರಿಯಾ ಹಾಕಿದರೂ ಸುಧಾರಿಸಲಿಲ್ಲ. ಪರಿಹಾರವೇನು?
– ಓದುಗರು, ಧಾರವಾಡ ಜಿಲ್ಲೆ

ಉತ್ತರ: ಯೂರಿಯಾ ನಿಲ್ಲಿಸಿ, ಇದು ಗೊಬ್ಬರದ ಕೊರತೆಯಲ್ಲ. ಬೂಸ್ಟಿನ ನಡುವೆ ಸಾಸಿವೆಯಂಥ ಕಂದು ಗುಳಿಗೆಗಳಿದ್ದರೆ ಅದು ಸ್ಕ್ಲೆರೋಷಿಯಂ ಶಿಲೀಂಧ್ರದ ಬುಡ ಕೊಳೆ. ಆ ಗುಳಿಗೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಆದ್ದರಿಂದ ಕಿತ್ತ ಗಿಡಗಳನ್ನು ಬದುವಿಗೆ ಎಸೆಯದೆ ಸುಟ್ಟುಬಿಡಿ. ಬಾಡಿದ ಗಿಡ ಮತ್ತೆ ಚಿಗುರದು. ಸುತ್ತಲಿನವನ್ನು ಉಳಿಸಲು, ಲೀಟರಿಗೆ 2 ಗ್ರಾಂ ಕಾರ್ಬಾಕ್ಸಿನ್–ಥೈರಾಮ್ ಶಿಲೀಂಧ್ರನಾಶಕ ಮಿಶ್ರಣ ಕರಗಿಸಿ ಬುಡ ನೆನೆಯುವಂತೆ ಸುರಿಯಿರಿ. ಎಲೆಗೆ ಸಿಂಪಡಿಸಿದರೆ ದುಡ್ಡು ದಂಡ. ನಿಂತ ನೀರನ್ನು ಬಸಿದುಬಿಡಿ.

ಹೂ, ಕಾಯಿ ಹಂತದಲ್ಲಿ ಮಳೆ ಕೈಕೊಟ್ಟಾಗ ಒಣಗುವ ಗಿಡಗಳ ಕಥೆ ಬೇರೆ. ಬೇರಿನ ಸಿಪ್ಪೆ ಸುಲಿದು ನೋಡಿ: ಇದ್ದಿಲ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿದ್ದರೆ ಅದು ಮ್ಯಾಕ್ರೊಫೊಮಿನಾ ಎಂಬ ಇನ್ನೊಂದು ಶಿಲೀಂಧ್ರ. ಬುಡ ಕೊಳೆಗೆ ಜೋಳ, ಗೋವಿನಜೋಳದ ಪರ್ಯಾಯ ಬೆಳೆ ಒಳ್ಳೆಯದೇ, ಆದರೆ ಮ್ಯಾಕ್ರೊಫೊಮಿನಾ ಜೋಳವನ್ನೂ ಬಿಡುವುದಿಲ್ಲ.

ಮುಂದಿನ ಮುಂಗಾರಿಗೆ, ಎಕರೆಗೆ 2 ಕಿಲೊ ಟ್ರೈಕೊಡರ್ಮಾವನ್ನು (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) 100 ಕಿಲೊ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಗೋಣಿತಾಟು ಮುಚ್ಚಿ ನೆರಳಲ್ಲಿ 10–15 ದಿನ ತೇವವಾಗಿಟ್ಟು, ಬಿತ್ತುವ ಮುಂಚೆ ಹೊಲಕ್ಕೆ ಸೇರಿಸಿ. ಹಸಿ ಗೊಬ್ಬರ ಬೇಡ. ಬೀಜಕ್ಕೆ ಕಿಲೊಗೆ 3 ಗ್ರಾಂ ಕಾರ್ಬಾಕ್ಸಿನ್–ಥೈರಾಮ್ ಮಿಶ್ರಣ ಲೇಪಿಸಿ, ಒಣಗಿದ ಮೇಲೆ ಕೊನೆಗೆ ರೈಜೋಬಿಯಂ (ಬೇರಿನಲ್ಲಿ ಸಾರಜನಕ ಒದಗಿಸುವ ಜೀವಾಣು ಗೊಬ್ಬರ) ಹಚ್ಚಿ ಅಂದೇ ಬಿತ್ತಿ. ಬೀಜ ಕೈಯಲ್ಲಿ ಉಜ್ಜಬೇಡಿ. ಸೋಯಾ ಸಿಪ್ಪೆ ತೆಳು, ಬಿರಿದರೆ ಮೊಳಕೆಯೇ ಕೆಡುತ್ತದೆ.