ದವಡೆ ಹಲ್ಲಿಗೆ ಜಿರ್ಕೋನಿಯಾ, ಮುಂದಿನ ಹಲ್ಲಿಗೆ ಬೇರೆ ಪಿಂಗಾಣಿ: ಏಕೆ?

ದವಡೆ ಹಲ್ಲು ಅಗಿಯುವ ಭಾರವನ್ನು ತಾಳಬೇಕು, ಮುಂದಿನ ಹಲ್ಲು ಸಹಜವಾಗಿ ಕಾಣಬೇಕು. ಹಾಳಾದ ಹಲ್ಲಿಗೆ ಹೊದಿಕೆ ಹಾಕುವಾಗ ವೈದ್ಯರು ಎರಡಕ್ಕೂ ಬೇರೆ ಬೇರೆ ವಸ್ತು ಸೂಚಿಸುವುದು ಇದೇ ಕಾರಣಕ್ಕೆ. ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಪಿಂಗಾಣಿಯಲ್ಲಿ ಬಿರುಕು ಹುಟ್ಟಿದರೆ ಅದರ ತುದಿಯಲ್ಲಿರುವ ಹರಳುಗಳು ರೂಪ ಬದಲಿಸಿ, ಸುಮಾರು ಶೇ. 4ರಷ್ಟು ಹಿಗ್ಗಿ, ಬಿರುಕು ಮುಂದುವರಿಯದಂತೆ ಅದುಮಿ ಹಿಡಿಯುತ್ತವೆ. ಆದ್ದರಿಂದಲೇ ಅದು ದವಡೆಯ ಕ್ಯಾಪ್‌ಗೂ, ಹೋದ ಹಲ್ಲಿನ ಜಾಗ ತುಂಬುವ ಬ್ರಿಡ್ಜ್‌ಗೂ ಒಪ್ಪುತ್ತದೆ. ಆದರೆ ಆ ಹರಳುಗಳೇ ಬೆಳಕನ್ನು ಚದುರಿಸುವುದರಿಂದ ತುಸು ಸುಣ್ಣ ಬಳಿದಂತೆ ಕಾಣಬಹುದು. ಹೆಚ್ಚು ಬೆಳಕು ಹಾಯುವಂತೆ ಮಾಡಿದ ಹೊಸ ಜಿರ್ಕೋನಿಯಾದಲ್ಲಿ ಬಿರುಕು ತಡೆಯುವ ಗುಣ ಬಹಳಷ್ಟು ಕುಗ್ಗಿರುತ್ತದೆ. ಉದ್ದನೆಯ ಬ್ರಿಡ್ಜ್‌ಗೆ ಅದನ್ನು ನಾನಂತೂ ಒಪ್ಪಲಾರೆ. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜುಮಿಶ್ರಿತ ಪಿಂಗಾಣಿಯಾದರೋ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಒಳಮೈಯನ್ನು ಆಮ್ಲದಿಂದ ಒರಟುಗೊಳಿಸಿ ರಾಳದ ಅಂಟಿನಿಂದ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ಗೆ ಬೆಸೆಯಬಹುದಾದ್ದರಿಂದ, ಹಲ್ಲಿನ ಮುಂಭಾಗಕ್ಕೆ ಹಚ್ಚುವ ಅರ್ಧ ಮಿಲಿಮೀಟರ್ ದಪ್ಪದ ವೆನೀರ್ ಕೂಡ ಭದ್ರವಾಗಿ ನಿಲ್ಲುತ್ತದೆ.