ಅಮ್ಮನ ತಲೆಯ ಮೇಲಿಟ್ಟ ಕೈ

"ಮೇಡಂ, ನಾನು ಮಾತಿಗೆ ತಪ್ಪಿದ್ರೆ ನಮ್ಮಮ್ಮ ಉಳಿಯಲ್ಲ."

ಕುರ್ಚಿಯ ತುದಿಯಲ್ಲಿ ಕೂತು ಅವರು ಆಡಿದ ಮೊದಲ ಮಾತು ಇದು. ವಯಸ್ಸು 45, ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರೂ ಅವರ ತಾಯಿಯೂ ಒಪ್ಪಿದ್ದಾರೆ. ನಾಲ್ಕು ತಿಂಗಳಿಂದ ಅವರಿಗೆ ಸರಿಯಾದ ನಿದ್ದೆ ಇರಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಎದೆ ಹಿಡಿದಂತಾಗಿ ಎಚ್ಚರವಾಗುತ್ತಿತ್ತು. ಇಸಿಜಿ, ಎಕೋ ಎಲ್ಲ ಸರಿಯಿದೆ ಎಂದು ವೈದ್ಯರು ಹೇಳಿದ ಮೇಲೆ ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದಿದ್ದರು. ಆ ಪರೀಕ್ಷೆಗಳು ಮೊದಲೇ ಆಗಿದ್ದು ಒಳ್ಳೆಯದಾಯಿತು. ಎದೆನೋವು ಮನಸ್ಸಿನದೇ ಎಂದು ನಾವಾಗಿ ತೀರ್ಮಾನಿಸಿ ಕೂರಬಾರದು.

ನಾಲ್ಕೂವರೆಗೆ ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿದೆ.

"ನನ್ನ ಮಗ ಓಡೋಕೆ ಹೋಗ್ತಾನೆ ಮೇಡಂ. ಚಿಲಕ ತೆಗೆಯೋ ಸದ್ದು ಕೇಳಿಸುತ್ತೆ."

ಹುಡುಗನಿಗೆ 18. ಪಿಯುಸಿ ಮುಗಿಸಿ ಸೇನೆಯಲ್ಲಿ ಅಗ್ನಿವೀರನಾಗಲು ಕೆರೆ ಏರಿಯ ಮೇಲೆ ದಿನಾ ಓಡುತ್ತಿದ್ದಾನೆ. ಬೇರೆ ಮನೆಯಾಗಿದ್ದರೆ ಹೆಮ್ಮೆಯ ವಿಷಯ. ಈ ಮನೆಯಲ್ಲಿ ಒಂದು ಆಣೆ ಇತ್ತು.

ಮೇಷ್ಟ್ರ ತಂದೆ ಸೇನೆಯಲ್ಲಿ ಹವಾಲ್ದಾರರಾಗಿದ್ದವರು. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿರುವಂತೆ ಇವರೂ ತಂದೆಯನ್ನು ಅಣ್ಣ ಎಂದೇ ಕರೆಯುತ್ತಿದ್ದರು. 1977ರಲ್ಲಿ ಮದ್ರಾಸ್ ಸ್ಯಾಪರ್ಸ್ ಸೇರಿ, ಬೆಂಗಳೂರಿನ ಹಲಸೂರು ಕೆರೆಯ ಬಳಿ ತರಬೇತಿ ಮುಗಿಸಿದ್ದರು. ನೆಲಬಾಂಬು ಹುಡುಕಿ ತೆಗೆಯುವುದು, ಸೇತುವೆ ಕಟ್ಟುವುದು ಈ ದಳದ ಕೆಲಸ. ಸೈನಿಕರು ಪ್ರತಿಜ್ಞೆ ಮಾಡುವ ಕಸಂ ಪರೇಡಿನ ದಿನ ಗೀತೆಯ ಮೇಲೆ ಕೈಯಿಟ್ಟು ನಿಂತ ಫೋಟೋ ಇವತ್ತಿಗೂ ಅವರ ನಡುಮನೆಯ ಗೋಡೆಯಲ್ಲಿದೆ. ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ನೆಲ ಜಲ ಆಕಾಶ ಯಾವ ದಾರಿಯಲ್ಲಿ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಅಪಾಯವಿದ್ದರೂ ಮೇಲಿನವರ ಆಜ್ಞೆ ಪಾಲಿಸುತ್ತೇನೆ ಎಂಬುದು ಆ ಪ್ರತಿಜ್ಞೆಯ ತಿರುಳು. ಅದನ್ನು ಅವರು 22 ವರ್ಷ ನಡೆಸಿದರು.

1999, ಕಾರ್ಗಿಲ್ ಯುದ್ಧ ಮುಗಿದಿತ್ತು. ನಿವೃತ್ತರಾಗಿ ಊರಿಗೆ ಬಂದು ಹವಾಲ್ದಾರರಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಹೇಳದೆ ಮಗ ಭರ್ತಿ ರ‍್ಯಾಲಿಗೆ ಹೋಗಿ, ಒಂದು ಮೈಲಿ ಓಟದಲ್ಲಿ ಪಾಸಾಗಿ ಬಂದ. ಎದೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ನಂಬರು ಹಾಗೇ ಇತ್ತು. ಅಣ್ಣ ನೋಡಿ ಮೆಚ್ಚಲಿ ಎಂದು ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಅವರು ಒಂದು ಮಾತೂ ಆಡಲಿಲ್ಲ. ಹಂಡೆಯಿಂದ ಬಿಸಿನೀರು ತೋಡಿ ತಂದು, ತೆಂಗಿನ ನಾರಿನಿಂದ ಮಗನ ಎದೆ ಕೆಂಪಾಗುವವರೆಗೆ ಆ ನಂಬರನ್ನು ತಿಕ್ಕಿ ತೆಗೆದರು. ಆಮೇಲೆ ದೇವರ ಮನೆಯಲ್ಲಿ ಕರ್ಪೂರ ಹಚ್ಚಿ, ಹೆಂಡತಿಯನ್ನು ಕೂರಿಸಿ, "ನಿಮ್ಮಮ್ಮನ ತಲೆ ಮೇಲೆ ಕೈಯಿಟ್ಟು ಹೇಳು, ಈ ಮನೇಲಿ ಇನ್ಮೇಲೆ ಯಾರೂ ಆ ಬಟ್ಟೆ ಹಾಕಲ್ಲ ಅಂತ" ಎಂದರು. ಮಗ ಹೇಳಿದ.

"ಅಣ್ಣ ನನ್ನನ್ನ ಕೈಲಾಗದವನು ಅಂದ್ಕೊಂಡ್ರು" ಎಂದರು ಮೇಷ್ಟ್ರು. 26 ವರ್ಷ ಈ ಒಂದು ವಾಕ್ಯವನ್ನು ಅವರು ಹೊತ್ತು ತಿರುಗಿದ್ದರು. ತಂದೆ ತೀರಿಕೊಂಡು ಮೂರು ವರ್ಷವಾಗಿದ್ದರೂ ಇಳಿಸಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪಾಯಿತು. ಆಣೆಯಿಂದ ಯಾರ ಪ್ರಾಣವೂ ಹೋಗುವುದಿಲ್ಲ, ಅಮ್ಮನ ಬಿಪಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಟ್ಟೆ. ಮಾತು ನಿಜ, ಆಡಿದ ಹೊತ್ತು ಸರಿಯಿರಲಿಲ್ಲ. ಮೇಷ್ಟ್ರು ಹೌದೆಂದು ತಲೆಯಾಡಿಸಿ ಎದ್ದು ಹೋದವರು ಮೂರು ವಾರ ಬರಲಿಲ್ಲ. ಮಾತು ಉಳಿಸಿಕೊಳ್ಳುವುದೇ ಮರ್ಯಾದೆ ಎಂದು ಬೆಳೆದವರಿಗೆ ಅದನ್ನು ಬರೀ ಮೂಢನಂಬಿಕೆ ಎಂದರೆ, ಅವರು ಬದುಕಿದ ರೀತಿಯನ್ನೇ ಹಗುರ ಮಾಡಿದ ಹಾಗೆ. ಎರಡನೇ ಸಲ ಬಂದಾಗ ಕ್ಷಮೆ ಕೇಳಿದೆ. ತಾಯಿಯನ್ನು ಕರೆದುಕೊಂಡು ಬರಲು ಆಗುತ್ತದೆಯೇ ಎಂದೂ ಕೇಳಿದೆ.

ಬಂದರು. 66 ವರ್ಷ, ಗಟ್ಟಿ ಜೀವ. ಮಗ ಮತ್ತೊಮ್ಮೆ ಎಲ್ಲವನ್ನೂ ಹೇಳುವವರೆಗೆ ಸೆರಗಿನ ತುದಿ ಹಿಡಿದು ಸುಮ್ಮನೆ ಕೂತಿದ್ದರು. ಆಮೇಲೆ, "ಇಬ್ಬರೂ ಸೇರ್ಕೊಂಡು ನನ್ನ ತಲೆ ಮೇಲೆ ಕೈ ಇಟ್ರಿ. ನನ್ನನ್ನ ಒಂದು ಮಾತು ಕೇಳಿದ್ರಾ?" ಎಂದರು. ಮೇಷ್ಟ್ರು ತಲೆ ತಗ್ಗಿಸಿದರು. ಆ ಆಣೆಯೊಳಗೆ ಮೂರನೆಯವರೊಬ್ಬರು ಕೂತಿದ್ದಾರೆ, ಅವರಿಗೂ ಬಾಯಿ ಇದೆ ಎಂಬುದು ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹವಾಲ್ದಾರರು ಹೆಂಡತಿಗೆ ಒಂದೇ ಸಲ ಹೇಳಿದ್ದ ಸಂಗತಿಯನ್ನು ಆಕೆ ಅವತ್ತು ಬಿಚ್ಚಿಟ್ಟರು. 1987ರ ಜುಲೈನಲ್ಲಿ ಭಾರತ, ಶ್ರೀಲಂಕಾ ಒಪ್ಪಂದವಾಗಿ ನಮ್ಮ ಶಾಂತಿಪಾಲನಾ ಪಡೆ ಅಲ್ಲಿಗೆ ಹೋಯಿತು, ಹವಾಲ್ದಾರರೂ ಅದರಲ್ಲಿದ್ದರು. ಅಕ್ಟೋಬರ್ ಹೊತ್ತಿಗೆ ಜಾಫ್ನಾದಲ್ಲಿ, ಪ್ರತ್ಯೇಕ ತಮಿಳು ನಾಡಿಗಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಜೊತೆ ನೇರ ಕಾಳಗ ಶುರುವಾಯಿತು. 1990ರ ಮಾರ್ಚ್‌ನಲ್ಲಿ ಪಡೆ ಮರಳುವಷ್ಟರಲ್ಲಿ ನಮ್ಮವರು ಸುಮಾರು 1,200 ಮಂದಿ ಸತ್ತಿದ್ದರು. ಅವರಲ್ಲಿ ಒಬ್ಬ ಪಾವಗಡದ ಕಡೆಯವನು, ಇವರದೇ ಕಂಪನಿ, ಪಕ್ಕದ ಮಂಚ. ರಸ್ತೆಯಲ್ಲಿ ಹೂತಿದ್ದ ಬಾಂಬಿಗೆ ಸಿಕ್ಕಿದ. ಆ ಕಾಲದಲ್ಲಿ ಹೆಣ ಮನೆಗೆ ಬರುವುದು ಅಪರೂಪ. ಕಾರ್ಗಿಲ್‌ನಲ್ಲಿ ಪೆಟ್ಟಿಗೆಗಳು ಊರೂರಿಗೆ ಬಂದಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದು ಅದೇ ಮೊದಲು. ಪಾವಗಡದ ಹುಡುಗನ ಕಪ್ಪು ಟ್ರಂಕನ್ನು, ರಜೆಯ ಮೇಲೆ ಬರುತ್ತಿದ್ದ ಇವರ ಕೈಗೆ ಕೊಟ್ಟು ಕಳಿಸಿದ್ದರು.

ಆ ತಾಯಿ ಟ್ರಂಕು ತೆರೆದು ಒಂದೊಂದೇ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡರಂತೆ. ಅಡಿಯಲ್ಲಿ ಅರ್ಧ ಸವೆದ ಸೋಪು ಇತ್ತು. ಅದನ್ನು ಮೂಸಿದವರು ಕೈಯಿಂದ ಕೆಳಗಿಡಲಿಲ್ಲ. ಅದೇ ಮುಷ್ಟಿಯಲ್ಲಿ ಸೋಪು ಹಿಡಿದುಕೊಂಡೇ ಇವರಿಗೆ ಮುದ್ದೆ ಸಾರು ಬಡಿಸಿ, "ಉಣ್ಣು ಮಗ, ಉಂಡು ಬೇಗ ಹೊರಡು, ನಿಮ್ಮಮ್ಮ ಕಾಯ್ತಿರ್ತಾಳೆ" ಎಂದರಂತೆ.

"ಅವತ್ತು ಮಗನ ಎದೆ ಮೇಲೆ ನಂಬರು ನೋಡಿದಾಗ ಅವರ ಕಣ್ಣಿಗೆ ಕಂಡಿದ್ದು ಆ ಟ್ರಂಕು. ನನ್ನ ತೊಡೆ ಮೇಲೆ ಅದನ್ನ ಇಡಿಸಬಾರದು ಅಂತ ಅಷ್ಟೇ. ಇವನನ್ನ ಕೈಲಾಗದವನು ಅಂತ ಅವರು ಯಾವತ್ತೂ ಅಂದಿಲ್ಲ. ಒಂದು ಮೈಲಿ ಎಷ್ಟು ಬೇಗ ಓಡಿದ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ರು" ಎಂದರು ತಾಯಿ.

ಮೇಷ್ಟ್ರು ತುಂಬ ಹೊತ್ತು ಅತ್ತರು. ನಾನು ಸುಮ್ಮನಿದ್ದೆ. ತಾಯಿ ಎದ್ದು ಹೋಗಿ ಮಗನ ತಲೆಯ ಮೇಲೆ ಕೈಯಿಟ್ಟು ನಿಂತರು.

ಮುಂದಿನ ಭೇಟಿಗಳಲ್ಲಿ ನಾನು ಹೇಳಿದ್ದು ಇಷ್ಟು. ಆಣೆ ಹಾಕಿದವರೂ ಹಾಕಿಸಿದವರೂ ಇಬ್ಬರೇ. ಅವತ್ತು ಹುಟ್ಟಿರದ ಹುಡುಗನ ಮೇಲೆ ಅದು ಪಹಣಿಯ ಹಾಗೆ ವರ್ಗಾವಣೆ ಆಗುವುದಿಲ್ಲ. ಅವರ ಊರಾಚೆ ಒಂದು ವೀರಗಲ್ಲಿದೆ, ಹಬ್ಬದಲ್ಲಿ ಎಣ್ಣೆ ಹಚ್ಚುತ್ತಾರೆ. ನಮ್ಮ ಕಡೆಯ ಇಂಥ ಕಲ್ಲುಗಳ ವಿಷಯ ಬಂದಾಗ ನೆತ್ತರುಗೊಡಗೆ ಎಂಬ ಮಾತನ್ನು ಅವರಿಗೆ ನೆನಪಿಸಿದೆ. ಕಾದಾಡಿ ಸತ್ತವನ ಮನೆಯವರಿಗೆ ಬಿಟ್ಟುಕೊಡುತ್ತಿದ್ದ ಭೂಮಿ ಅದು. ಸೈನಿಕನ ಮನೆಯವರಿಗೆ ಸಿಗಬೇಕಾದ ಕೊಡುಗೆ ಸಿಗಲಿ, ಅವನ ಭಯವೂ ಆಸ್ತಿಯಾಗಿ ಬರುವುದು ಬೇಡ. ನಿಮ್ಮ ತಂದೆ ನಿಮ್ಮಿಂದ ಮಾತು ತೆಗೆದುಕೊಂಡಿದ್ದು ಅಮ್ಮನಿಗಾಗಿ. ಅಮ್ಮನನ್ನು ನೋಡಿಕೊಳ್ಳುತ್ತಿದ್ದೀರಿ, ಆ ಮಾತು ಇವತ್ತಿಗೂ ನಡೆಯುತ್ತಿದೆ.

ಆದರೂ ಮನಸ್ಸು ಒಪ್ಪದಿದ್ದರೆ ಏನು ಮಾಡಲಿ ಎಂದರು. ಮನೆದೇವರಿಗೆ ತಪ್ಪುಕಾಣಿಕೆ ಇಡಿ ಎಂದೆ. ನಮ್ಮ ಹಿರಿಯರು ಬರೀ ಆಣೆಯನ್ನು ಕಲಿಸಿ ಹೋಗಲಿಲ್ಲ, ಅದರಿಂದ ಬಿಡಿಸಿಕೊಳ್ಳುವ ದಾರಿಯನ್ನೂ ಇಟ್ಟಿದ್ದಾರೆ. ಹೋಗುವುದಾದರೆ ಅಮ್ಮನ ಜೊತೆ ಹೋಗಿ, ಆಣೆ ಇದ್ದಿದ್ದು ಅವರ ತಲೆಯ ಮೇಲೆ, ಇಳಿಸಬೇಕಾದವರೂ ಅವರೇ.

ಮಗನ ವಿಷಯದಲ್ಲಿ ನಾನು ಯಾವ ಪಕ್ಷವನ್ನೂ ವಹಿಸಲಿಲ್ಲ. ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ಆಮೇಲೆ ಉಳಿಸಿಕೊಳ್ಳುವುದು ಶೇ 25ರವರೆಗೆ ಮಾತ್ರ, ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಪಡೆದು ಮನೆಗೆ ಬರಬೇಕು. ತಾತನ ಹಾಗೆ 22 ವರ್ಷದ ನೌಕರಿ, ಪಿಂಚಣಿ ಎಂದು ಹುಡುಗ ಅಂದುಕೊಂಡಿದ್ದರೆ ಅದನ್ನು ಕೂತು ಮಾತಾಡಿ ಎಂದೆ. ಟ್ರಂಕಿನ ಕಥೆಯನ್ನೂ ಹೇಳಿ, ಹೆದರಿಸಲು ಬೇಡ, ತಾತ ಯಾರೆಂದು ತಿಳಿಯಲು. ಒಂದನ್ನು ಮಾತ್ರ ಖಡಾಖಂಡಿತವಾಗಿ ಹೇಳಿದೆ: ಹೋಗು ಅಂತಲೋ ಹೋಗಬೇಡ ಅಂತಲೋ ಅವನ ಕೈಯಲ್ಲಿ ಹೊಸ ಆಣೆ ಹಾಕಿಸಬೇಡಿ. ಮತ್ತೆ ಎದೆ ಹಿಡಿದು ರಾತ್ರಿ ದಾಟುವುದು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದೆಂದು ಸಂಖ್ಯೆ ಬರೆದುಕೊಟ್ಟೆ.

ಕೊನೆಯ ಸಲ ಬಂದಾಗ ನಿದ್ದೆ ಸುಧಾರಿಸಿತ್ತು, ಪೂರ್ತಿ ಸರಿಹೋಗಿರಲಿಲ್ಲ. ದೆಹಲಿಯಲ್ಲಿ 2019ರಲ್ಲಿ ಆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗ್ರಾನೈಟ್ ಗೋಡೆಯಲ್ಲಿ ಆ ಪಾವಗಡದವನ ಹೆಸರು ಹುಡುಕಬೇಕೆಂದು ತಾಯಿಗೆ ಆಸೆಯಂತೆ. ಮೇಷ್ಟ್ರು ಈಗ ನಾಲ್ಕೂವರೆಗೆ ತಾವೇ ಏಳುತ್ತಾರೆ. ಕೆರೆ ಏರಿಯ ಮೇಲೆ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಾರೆ. ಅಜ್ಜಿ ರಾಗಿ ಅಂಬಲಿಯನ್ನು ಎರಡು ಲೋಟಕ್ಕೆ ಹೊಯ್ದು ಇಟ್ಟಿರುತ್ತಾರೆ.