ಎರಡು ಬಾಂಗು, ಒಂದು ನೆರಳು

ಹೊನ್ನಾವರ ಕಡೆಯ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: ‘ನಮ್ಮ ಪೇಟೆಯಲ್ಲಿ ಎರಡು ಮಸೀದಿಗಳಿವೆ. ಸಾಯಂಕಾಲದ ಬಾಂಗು ಒಂದರಲ್ಲಿ ನಾಲ್ಕರ ಹೊತ್ತಿಗೆ ಕೇಳಿಸಿದರೆ ಇನ್ನೊಂದರಲ್ಲಿ ಐದರ ಹೊತ್ತಿಗೆ. ಕುರ್‌ಆನ್ ಒಂದೇ, ಪ್ರವಾದಿ ಒಬ್ಬರೇ, ಸೂರ್ಯನೂ ಒಬ್ಬನೇ. ಹೊತ್ತು ಮಾತ್ರ ಎರಡೇಕೆ? ಗಡಿಯಾರದಲ್ಲೇ ಒಮ್ಮತವಿಲ್ಲದವರ ಕಾನೂನು ಪುಸ್ತಕ ಒಂದೇ ಆಗಿರುವುದು ಹೇಗೆ? ಎರಡರಲ್ಲಿ ಸರಿ ಯಾವುದು? ಕಳೆದ ಸಂಚಿಕೆಯಲ್ಲಿ ನೀವೇ “ಫತ್ವಾ ಹೊರಡಿಸಿದರು” ಎಂದು ಬರೆದಿದ್ದೀರಿ. ಅದನ್ನು ಪಾಲಿಸದವರಿಗೆ ಏನು ಶಿಕ್ಷೆ?’

ಮಾಸ್ತರರಿಗೆ ನಮಸ್ಕಾರ.

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ತಪ್ಪು ನಮ್ಮದು. ಫತ್ವಾ ಹೊರಡಿಸುವಂಥದ್ದಲ್ಲ, ಕೇಳಿದವರಿಗೆ ಕೊಡುವಂಥದ್ದು. ಒಬ್ಬರು ಬಂದು ‘ಹೀಗೊಂದು ಸಂದರ್ಭ ಒದಗಿದೆ, ಧರ್ಮ ಏನು ಹೇಳುತ್ತದೆ?’ ಎಂದು ಕೇಳುತ್ತಾರೆ. ಮುಫ್ತಿ ತಾನು ಕಲಿತ ವಿದ್ಯೆಯ ಆಧಾರದಲ್ಲಿ ಉತ್ತರಿಸಿ, ಕೊನೆಗೆ ‘ಅಲ್ಲಾಹನೇ ಚೆನ್ನಾಗಿ ಬಲ್ಲ’ ಎಂದು ಬರೆದು ಮುಗಿಸುತ್ತಾನೆ. ವೈದ್ಯರ ಸಲಹೆಯ ಹಾಗೆ, ಒಪ್ಪದವರು ಇನ್ನೊಬ್ಬರ ಬಳಿ ಹೋಗಬಹುದು. ಜಗಳ ತೀರಿಸಿ ಕಟ್ಟುಪಾಡು ವಿಧಿಸುವವನು ಖಾಝಿ, ಅವನ ಕೆಲಸವೇ ಬೇರೆ. ನಮ್ಮ ದೇಶದಲ್ಲಂತೂ 2014ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ವಿಶ್ವ ಲೋಚನ ಮದನ್ ಪ್ರಕರಣದಲ್ಲಿ ಫತ್ವಾಗೆ ಕಾನೂನಿನ ಬಲವಿಲ್ಲ, ಯಾರ ಮೇಲೂ ಅದನ್ನು ಹೇರುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಪಾಲಿಸದವರಿಗೆ ಶಿಕ್ಷೆ ಎಂಬ ಮಾತೇ ಇಲ್ಲ. ‘ಹೊರಡಿಸಿದರು’ ಎಂಬ ಕ್ರಿಯಾಪದ ಸರಕಾರಿ ಸುತ್ತೋಲೆಯಿಂದ ನಮ್ಮ ಮೇಜಿಗೆ ಹಾರಿಬಂದದ್ದು. ಇನ್ನು ಮೇಲೆ ಅದಕ್ಕೆ ಇಲ್ಲಿ ಪ್ರವೇಶವಿಲ್ಲ.

ಈಗ ನೆರಳಿನ ಕಥೆ. ನೀವು ಕೇಳುತ್ತಿರುವುದು ಅಸರ್ ನಮಾಝಿನ ಬಾಂಗು. ಅದರ ಹೊತ್ತನ್ನು ಹಿಂದಿನವರು ಗಡಿಯಾರದಿಂದಲ್ಲ, ನೆರಳಿನಿಂದ ಅಳೆದರು. ನಡುಮಧ್ಯಾಹ್ನ ಕೋಲಿಗೆ ಎಷ್ಟು ನೆರಳಿತ್ತೋ ಅದನ್ನು ಬದಿಗಿಟ್ಟು, ಆಮೇಲೆ ಬೆಳೆದ ನೆರಳು ಕೋಲಿನಷ್ಟೇ ಉದ್ದವಾದಾಗ ಅಸರ್ ಆರಂಭ ಎನ್ನುತ್ತಾರೆ ಶಾಫಿ ಪಂಥದವರು. ಕೋಲಿನ ಎರಡರಷ್ಟಾಗಬೇಕು ಎನ್ನುತ್ತಾರೆ ಹನಫಿಗಳು. ಇವೆರಡೂ ಇಸ್ಲಾಮಿನ ಧರ್ಮಶಾಸ್ತ್ರದ ಪಂಥಗಳು. ನಮ್ಮ ಕರಾವಳಿಯ ಅಕ್ಷಾಂಶದಲ್ಲಿ ಈ ಎರಡರ ನಡುವೆ ಕಾಲಕ್ಕೆ ತಕ್ಕಂತೆ ಸುಮಾರು ಐವತ್ತು ನಿಮಿಷದಿಂದ ಒಂದು ಗಂಟೆ ಹತ್ತು ನಿಮಿಷದವರೆಗೆ ಅಂತರ ಬೀಳುತ್ತದೆ. ನೀವು ಕೇಳಿಸಿಕೊಂಡದ್ದು ಇದನ್ನೇ.

ಇಬ್ಬರಿಗೂ ಆಧಾರವಿದೆ. ದೇವದೂತ ಜಿಬ್ರೀಲ್ ಎರಡು ದಿನ ಪ್ರವಾದಿಯವರಿಗೆ ನಮಾಝಿನ ಹೊತ್ತುಗಳನ್ನು ತೋರಿಸಿಕೊಟ್ಟರೆಂಬ ಹದೀಸಿನಲ್ಲಿ (ಹದೀಸ್ ಎಂದರೆ ಪ್ರವಾದಿಯವರ ನಡೆನುಡಿಯ ವರದಿ), ಮೊದಲ ದಿನದ ಅಸರ್ ನೆರಳು ಒಂದರಷ್ಟಾದಾಗ. ಇದು ಶಾಫಿಗಳ ಕೈಯಲ್ಲಿರುವ ಮಾತು. ಹನಫಿಗಳು ಬೇರೊಂದು ಹದೀಸನ್ನು ತೆಗೆಯುತ್ತಾರೆ. ಅದು ಕೂಲಿಯಾಳುಗಳ ಕಥೆ: ಒಬ್ಬ ಧಣಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ತಂಡಕ್ಕೆ, ಮಧ್ಯಾಹ್ನದಿಂದ ಅಸರ್‌ವರೆಗೆ ಇನ್ನೊಂದಕ್ಕೆ, ಅಸರ್‌ನಿಂದ ಸೂರ್ಯಾಸ್ತದವರೆಗೆ ಮೂರನೆಯದಕ್ಕೆ ಕೆಲಸ ಕೊಟ್ಟ. ಮೂರನೆಯವರಿಗೆ ಕೂಲಿ ದುಪ್ಪಟ್ಟು. ಮೊದಲಿನವರು ‘ನಮಗೆ ದುಡಿಮೆ ಹೆಚ್ಚು, ಕೂಲಿ ಕಡಿಮೆ’ ಎಂದು ಗೊಣಗಿದರು. ಹನಫಿಗಳ ಲೆಕ್ಕ ನೋಡಿ: ಎರಡನೆಯ ತಂಡ ಹಾಗೆ ಗೊಣಗಬೇಕಾದರೆ ಮಧ್ಯಾಹ್ನದಿಂದ ಅಸರ್‌ವರೆಗಿನ ಕಾಲ ಅಸರ್‌ನಿಂದ ಸೂರ್ಯಾಸ್ತದವರೆಗಿನ ಕಾಲಕ್ಕಿಂತ ದೊಡ್ಡದಿರಬೇಕು, ಹಾಗಾಗಿ ಅಸರ್ ತಡವಾಗಿಯೇ ಶುರುವಾಗಬೇಕು. ನೀತಿಕಥೆಯೊಂದರಿಂದ ಗಡಿಯಾರ ಹೊರತೆಗೆದಿದ್ದಾರೆ! ಎದುರು ಪಕ್ಷವೂ ಸುಮ್ಮನಿರಲಿಲ್ಲ. ನೆರಳು ಒಂದರಷ್ಟಾದಾಗ ಎಂದರೂ ಮೊದಲಿನ ಅವಧಿಯೇ ದೊಡ್ಡದು ಎಂದಿತು. ಅದೂ ನಿಜ. ಹಗಲಿರುಳು ಸಮವಾಗುವ ಮಾರ್ಚಿನ ದಿನಗಳಲ್ಲಿ ನಿಮ್ಮೂರಲ್ಲಿ ಎಣಿಸಿದರೆ ಮೊದಲನೆಯದು ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷ, ಎರಡನೆಯದು ಎರಡು ಗಂಟೆ ನಲವತ್ತು ನಿಮಿಷ.

ಇನ್ನೂ ಸ್ವಾರಸ್ಯದ ಸಂಗತಿ ಇದೆ. ಎರಡರಷ್ಟು ಎಂದವರು ಇರಾಕಿನ ಕೂಫಾದ ಬಟ್ಟೆ ವ್ಯಾಪಾರಿ, ಮಹಾ ವಿದ್ವಾಂಸ ಅಬೂ ಹನೀಫಾ. ಅವರ ಇಬ್ಬರು ದೊಡ್ಡ ಶಿಷ್ಯರು ಅಬೂ ಯೂಸುಫ್ ಮತ್ತು ಮುಹಮ್ಮದ್ ಶೈಬಾನೀ. ಈ ವಿಷಯದಲ್ಲಿ ಇಬ್ಬರೂ ಗುರುವಿನ ಮಾತು ಬಿಟ್ಟು ಒಂದರಷ್ಟು ಸಾಕು ಎಂದರು. ಆದರೂ ಅವರು ಹನಫಿಗಳೇ. ಹನಫಿ ಪಂಥದ ಎರಡು ಕಂಬಗಳೆಂದರೆ ಇವರೇ. ನಮ್ಮ ಉಪಖಂಡದ ಹನಫಿಗಳು ಸಾಮಾನ್ಯವಾಗಿ ಗುರುವಿನ ಮಾತಿನಂತೆ ನಡೆಯುತ್ತಾರೆ, ಅಷ್ಟೆ.

ಅಬೂ ಹನೀಫಾ ಬಗ್ದಾದಿನಲ್ಲಿ ತೀರಿಕೊಂಡದ್ದು 767ರಲ್ಲಿ. ಅದೇ ವರ್ಷ ಗಾಝಾದಲ್ಲಿ ಇಮಾಮ್ ಶಾಫಿ ಹುಟ್ಟಿದರು. ಅವರು ಮದೀನಾದಲ್ಲಿ ಇಮಾಮ್ ಮಾಲಿಕ್ ಅವರ ಬಳಿ ಕಲಿತು, ಮುಂದೆ ಇರಾಕಿನಲ್ಲಿ ಅದೇ ಶೈಬಾನೀ ಅವರ ಬಳಿಯೂ ಓದಿದರು. ಕುರ್‌ಆನ್, ಹದೀಸ್, ವಿದ್ವಾಂಸರ ಒಮ್ಮತ, ಹೋಲಿಕೆಯಿಂದ ತರ್ಕಿಸುವ ಕಿಯಾಸ್ — ಈ ನಾಲ್ಕನ್ನು ಯಾವ ಕ್ರಮದಲ್ಲಿ, ಯಾವ ಎಚ್ಚರದಿಂದ ಬಳಸಬೇಕೆಂದು ‘ರಿಸಾಲಾ’ ಬರೆದು ತೋರಿಸಿದರು. ಬದುಕಿನ ಕೊನೆಯ ವರ್ಷಗಳಲ್ಲಿ ಈಜಿಪ್ಟಿಗೆ ಹೋದ ಮೇಲೆ ತಮ್ಮದೇ ಎಷ್ಟೋ ತೀರ್ಮಾನಗಳನ್ನು ಬದಲಿಸಿದರು. ಶಾಫಿ ಗ್ರಂಥಗಳಲ್ಲಿ ಇಂದಿಗೂ ‘ಹಳೆಯ ಮಾತು’, ‘ಹೊಸ ಮಾತು’ ಎಂದು ಎರಡನ್ನೂ ದಾಖಲಿಸುತ್ತಾರೆ. ನಿಮ್ಮ ಪೇಟೆಯ ಎರಡು ಮಸೀದಿಗಳ ಮಾತು ಹಾಗಿರಲಿ, ಒಬ್ಬನೇ ಮನುಷ್ಯನಲ್ಲಿ ಎರಡು ಮಾತು!

ಹಾಗಾದರೆ ಆ ‘ಒಂದು ಕಾನೂನು ಪುಸ್ತಕ’ ಎಲ್ಲಿಂದ ಬಂತು? ಅದರಲ್ಲಿ ಇಂಗ್ಲಿಷರ ಪಾಲು ದೊಡ್ಡದು ಎಂದು ನನ್ನ ಎಣಿಕೆ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಹಿಂದೂಗಳಿಗೆ ಶಾಸ್ತ್ರ, ಮುಸ್ಲಿಮರಿಗೆ ಕುರ್‌ಆನ್ ಎಂದು ನ್ಯಾಯಾಲಯಗಳಿಗೆ ಗೆರೆ ಎಳೆದ. ಅರಬಿ ಬಾರದ ನ್ಯಾಯಾಧೀಶರಿಗೆ ಕೈಪಿಡಿ ಬೇಕಾಯಿತು. ಮಧ್ಯ ಏಷ್ಯಾದ ಫರ್ಗಾನಾ ಸೀಮೆಯ ಮರ್ಗೀನಾನಿ 12ನೆಯ ಶತಮಾನದಲ್ಲಿ ಬರೆದ ಹನಫಿ ಧರ್ಮಶಾಸ್ತ್ರದ ಗ್ರಂಥ ‘ಹಿದಾಯಾ’ವನ್ನು ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ಇಂಗ್ಲಿಷಿಗೆ ತಂದ, ಅದೂ ಪರ್ಷಿಯನ್ ಅನುವಾದದ ಮೂಲಕ. ಮೂಲ ಗ್ರಂಥ ತೆರೆದರೆ ಅಬೂ ಹನೀಫಾ ಹೀಗೆಂದರು, ಶಿಷ್ಯರು ಹಾಗೆಂದರು, ಶಾಫಿ ಒಪ್ಪಲಿಲ್ಲ, ಅವರ ಆಕ್ಷೇಪಕ್ಕೆ ಸಮಾಧಾನ ಇದು ಎಂದು ಪುಟಪುಟವೂ ಚರ್ಚೆ. ಕೋರ್ಟಿಗೆ ಬೇಕಾದದ್ದು ಚರ್ಚೆಯಲ್ಲ, ಕಲಮು. ಚರ್ಚೆಯ ಪುಸ್ತಕ ಕಲಮಿನ ಪುಸ್ತಕವಾಯಿತು.

ಈ ಭಿನ್ನಮತ ಜನರ ಬದುಕಿಗೆ ಒದಗಿಬಂದದ್ದೂ ಉಂಟು. ಗಂಡ ನಾಪತ್ತೆಯಾದ ಹೆಂಗಸಿನ ವಿಷಯ ತೆಗೆದುಕೊಳ್ಳಿ. ಹಳೆಯ ಹನಫಿ ನಿಯಮದಂತೆ ಅವನ ಓರಗೆಯವರೆಲ್ಲ ಸಾಯುವಷ್ಟು ಕಾಲ ಅವಳು ಕಾಯಬೇಕು, ಎಂದರೆ ಅವಳ ಆಯುಷ್ಯವೇ ಮುಗಿಯುತ್ತದೆ. ಬೇರೆ ದಾರಿ ಕಾಣದೆ ಪಂಜಾಬಿನಲ್ಲಿ ಕೆಲವು ಹೆಂಗಸರು ಮದುವೆ ಮುರಿಯಲೆಂದೇ ಧರ್ಮ ಬಿಟ್ಟರು. ಕಟ್ಟಾ ಹನಫಿಯಾದ ದೇವಬಂದ್ ಮದರಸಾದ ಪರಂಪರೆಯ ಅಶ್ರಫ್ ಅಲಿ ಥಾನವಿ 1930ರ ದಶಕದಲ್ಲಿ ಮಾಲಿಕೀ, ಎಂದರೆ ಇಮಾಮ್ ಮಾಲಿಕರ ಪಂಥದ, ವಿದ್ವಾಂಸರಿಂದ ಅಭಿಪ್ರಾಯ ತರಿಸಿ, ಇಂಥ ಸಂಕಟದಲ್ಲಿ ಮಾಲಿಕೀ ನಿಯಮವನ್ನೇ ಹಿಡಿಯಬಹುದೆಂದು ಬರೆದರು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯಿದೆ ಬಂದದ್ದು ಈ ಹಿನ್ನೆಲೆಯಲ್ಲಿ. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ ಹೆಂಡತಿ ಬಿಡುಗಡೆ ಕೇಳಬಹುದು ಎಂಬ ಕಲಮು ಇಂದಿಗೂ ಅದರಲ್ಲಿದೆ. ಆ ನಾಲ್ಕು ವರ್ಷ ಮದೀನಾದ ಇಮಾಮ್ ಮಾಲಿಕರ ಲೆಕ್ಕ. ಪಂಥ ಒಂದೇ ಇದ್ದಿದ್ದರೆ ಎರವಲು ತರಲು ನೆರೆಮನೆಯೇ ಇರುತ್ತಿರಲಿಲ್ಲ.

ನಿಮ್ಮೂರಿಗೆ ಬರೋಣ. ಭಟ್ಕಳ, ಹೊನ್ನಾವರದ ನವಾಯತರು, ದಕ್ಷಿಣದ ಬ್ಯಾರಿಗಳು ಶಾಫಿಗಳು. ಘಟ್ಟದ ಮೇಲಿನ ಉರ್ದು ಮಾತಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಒಂದು ಸಮುದ್ರದ ದಾರಿಯಲ್ಲಿ ಬಂದದ್ದು, ಇನ್ನೊಂದು ಮಧ್ಯ ಏಷ್ಯಾ, ದಿಲ್ಲಿಯ ನೆಲದ ದಾರಿಯಲ್ಲಿ. ಯೆಮನ್, ಮಲಬಾರ್, ಜಾವಾ ಎಲ್ಲ ಶಾಫಿ ತೀರಗಳೇ. ಕೇರಳದ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಬರೆದ ಶಾಫಿ ಧರ್ಮಶಾಸ್ತ್ರದ ಗ್ರಂಥ ‘ಫತ್ಹುಲ್ ಮುಈನ್’ ಅನ್ನು ಇಂಡೊನೇಷ್ಯಾದಲ್ಲಿಯೂ ಓದಿಸುತ್ತಾರೆ. 1340ರ ದಶಕದಲ್ಲಿ ನಿಮ್ಮ ಹೊನ್ನಾವರಕ್ಕೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತಾ, ಇಲ್ಲಿನವರು ಶಾಫಿಗಳು, ಊರಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿವೆ ಎಂದು ಬರೆದಿಟ್ಟ. ಆ ಮನುಷ್ಯ ಸ್ವತಃ ಮಾಲಿಕೀ. ಅದಕ್ಕೆ ಮೊದಲು ಹನಫಿಗಳ ದಿಲ್ಲಿಯಲ್ಲಿ ಖಾಝಿಯಾಗಿದ್ದ. ಮೀನುಪೇಟೆಯಲ್ಲೂ ಈ ಭೇದ ಸಿಗುತ್ತದೆ. ಸಿಗಡಿ, ನಿಮ್ಮ ಕಡೆಯ ಶೆಟ್ಲಿ, ಶಾಫಿಗಳಿಗೆ ನಿರಾತಂಕ. ಹನಫಿಗಳಿಗೆ ಕಡಲ ಜೀವಿಗಳಲ್ಲಿ ಮೀನು ಮಾತ್ರ ಸಲ್ಲುವುದರಿಂದ, ಶೆಟ್ಲಿ ಮೀನು ಹೌದೋ ಅಲ್ಲವೋ ಎಂದು ಅವರ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ.

ಸರಿ ಯಾವುದು ಎಂದು ಕೇಳಿದ್ದೀರಿ. ಇದಕ್ಕೆ ಅಸರ್‌ನದೇ ಒಂದು ಪ್ರಸಂಗ ಹದೀಸಿನಲ್ಲಿದೆ. ಕಂದಕ ಯುದ್ಧ ಮುಗಿದ 627ರಲ್ಲಿ ಪ್ರವಾದಿಯವರು ಸಂಗಡಿಗರನ್ನು ಮದೀನಾದ ಯಹೂದಿ ಕುಲವಾದ ಬನೂ ಕುರೈಝಾದವರ ಕಡೆ ಕಳಿಸುತ್ತ, ಅಲ್ಲಿ ತಲುಪಿಯೇ ಅಸರ್ ಮಾಡಿ ಎಂದರು. ದಾರಿಯಲ್ಲೇ ಹೊತ್ತು ಮೀರತೊಡಗಿತು. ಕೆಲವರು ‘ಬೇಗ ಹೋಗಿ ಎಂಬುದಷ್ಟೇ ಆ ಮಾತಿನ ಇಂಗಿತ’ ಎಂದು ದಾರಿಯಲ್ಲೇ ನಮಾಝ್ ಮಾಡಿದರು. ಕೆಲವರು ‘ಮಾತೆಂದರೆ ಮಾತು’ ಎಂದು ತಲುಪುವವರೆಗೆ ಮಾಡಲಿಲ್ಲ. ಆಮೇಲೆ ವಿಷಯ ಪ್ರವಾದಿಯವರ ಕಿವಿಗೆ ಬಿತ್ತು. ಅವರು ಯಾರನ್ನೂ ಗದರಲಿಲ್ಲ. ಹೀಗಿರುವಾಗ ಮಸೀದಿಯ ಹೊರಗೆ ಕೂತ ಸಂಪಾದಕನಾದ ನಾನು ತೀರ್ಪು ಹೇಳಲಾರೆ. ಭಿನ್ನಮತ ಎಲ್ಲ ಕಾಲಕ್ಕೂ ಇಷ್ಟು ತಣ್ಣಗಿತ್ತೆಂದೂ ಹೇಳುವುದಿಲ್ಲ, ಪಂಥದ ಹೆಸರಿನಲ್ಲಿ ಬೀದಿಜಗಳಗಳೂ ಆಗಿವೆ.

ನೀವು ಮಾಸ್ತರರು, ಒಂದು ಕೆಲಸ ಮಾಡಿ. ಅಂಗಳದಲ್ಲಿ ಮೊಳದುದ್ದದ ಕೋಲು ನೆಟ್ಟು ಮಾರ್ಚಿನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ನೆರಳು ಅಳೆಯಿರಿ. ಆಯಾ ದಿನದ ನಡುಮಧ್ಯಾಹ್ನದ ನೆರಳನ್ನು ಬದಿಗಿಟ್ಟು ಎಣಿಸಿದರೆ, ಒಂದರಷ್ಟಾಗುವುದಕ್ಕೂ ಎರಡರಷ್ಟಾಗುವುದಕ್ಕೂ ನಡುವಿನ ಅಂತರ ಡಿಸೆಂಬರಿನಲ್ಲಿ ಹನ್ನೆರಡು ಹದಿಮೂರು ನಿಮಿಷದಷ್ಟು ಕಡಿಮೆ ಬರಬೇಕು. ಬಾರದಿದ್ದರೆ ಮತ್ತೆ ಬರೆಯಿರಿ, ತಪ್ಪೊಪ್ಪಿಗೆಗೆ ಜಾಗ ಕಾದಿರಿಸುತ್ತೇನೆ.

— ಸಂಪಾದಕ